ಮೂರು ಸಲದ ಉಪಚಾರ

ತೆಹರಾನಿನ ದಕ್ಷಿಣಕ್ಕಿರುವ ಕಾಶಾನಿನ ನಮ್ಮ ಓಣಿಯಲ್ಲಿ ಬಾಗಿಲ ಮುಂದಿನ ಜಗಳ ಎಂದರೆ ಬೈದಾಟವಲ್ಲ. 'ನೀವು ಮೊದಲು', 'ಛೇ ಛೇ, ನೀವು ಮೊದಲು' ಎಂದು ಒಬ್ಬರನ್ನೊಬ್ಬರು ಒಳಗೆ ದಬ್ಬುವ ಜಗಳ. ಈ ಜಗಳದಲ್ಲಿ ಬತೂಲ್ ಖಾನುಮಳನ್ನು, ಎಂದರೆ ಬತೂಲಮ್ಮನನ್ನು, ಸೋಲಿಸಿದ ಹೆಂಗಸು ಇನ್ನೂ ಹುಟ್ಟಿರಲಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಆಕೆಯೂ ಪಕ್ಕದ ಮನೆಯ ಅಕ್ದಸಳೂ ಓಣಿಯ ಸಾರ್ವಜನಿಕ ಸ್ನಾನದ ಮನೆಯ ಬಾಗಿಲಲ್ಲಿ ಬಟ್ಟೆಗಂಟು ಕಂಕುಳಲ್ಲಿಟ್ಟುಕೊಂಡು ಎಷ್ಟು ಹೊತ್ತು ನಿಂತರೆಂದರೆ, ಒಳಗಿನ ಹಬೆಯೆಲ್ಲ ಓಣಿಗೆ ಹೋಯಿತು. ಸ್ನಾನದ ಮನೆಯ ಯಜಮಾನಿ ಚೊಂಬು ಹಿಡಿದು ಬಂದು, "ನಿಮ್ಮ ಮರ್ಯಾದೆಗೆ ಬೆಂಕಿ ಬೀಳ! ಒಳಗ್ ಬರ್ತೀರೋ, ಇಲ್ಲೇ ನೀರು ಎರಚ್ಲೋ?" ಎಂದು ಕೂಗಿದಳು. ಆಗಲೂ ಬತೂಲ್ ಹೇಳಿದ್ದು, "ಮೊದ್ಲು ಅಕ್ದಸ್ ಖಾನುಮ್‌ಗೆ ಎರಚಿ, ಅವರು ನನಗಿಂತ ದೊಡ್ಡೋರು."

ಈಗಲೇ ನಕ್ಕುಬಿಡಿ. ಮುಂದೆ ನಗುವುದಕ್ಕೆ ಹೆಚ್ಚೇನೂ ಸಿಗುವುದಿಲ್ಲ.

ಬತೂಲಳ ಗಂಡ ತಾಮ್ರದ ಪಾತ್ರೆ ಬಡಿಯುವವನು. ಒಳ್ಳೆಯ ಕೈ, ಕೆಟ್ಟ ಹೊಟ್ಟೆ. ಮಗಳು ಮೆಹ್ರಿ ಇನ್ನೂ ಅಂಬೆಗಾಲಿಡುತ್ತಿರುವಾಗ ಹೊಟ್ಟೆನೋವಿನಲ್ಲೇ ಸತ್ತ. ಹೆಣ ಹೊತ್ತವರ ಹಿಂದೆ ಬತೂಲ್ ಎದೆ ಬಡಿದುಕೊಳ್ಳುತ್ತಾ ಬಾಗಿಲವರೆಗೆ ಬಂದಳು. ಅಲ್ಲಿ ಅಳು ನುಂಗಿ, "ನಿಮಗೆಲ್ಲ ತೊಂದ್ರೆ ಕೊಟ್ವಿ, ನಿಮ್ಮ ಕೈಗೆ ನೋವಾಗದಿರ್ಲಿ" ಎಂದಳು. ಆಮೇಲೆ ಮತ್ತೆ ಎದೆ ಬಡಿದುಕೊಂಡಳು. ಓಣಿಯ ಹೆಂಗಸರು ತಿಂಗಳುಗಟ್ಟಲೆ ಅದನ್ನೇ ಹೊಗಳಿದರು. ಗಂಡ ಸತ್ತವಳಿಗೆ ಅವರು ಕೊಟ್ಟದ್ದು ಅಷ್ಟೇ, ಹೊಗಳಿಕೆ.

ಅವಳಿಗೆ ಉಳಿದದ್ದು ಎರಡು ಕೋಣೆಯ ಮನೆ, ರತ್ನಗಂಬಳಿ ನೇಯುವ ಒಂದು ಮಗ್ಗ, ಗಂಡ ತನ್ನ ಕೈಯಾರೆ ಹೂಬಳ್ಳಿ ಕೆತ್ತಿದ ಒಂದು ತಾಮ್ರದ ತಟ್ಟೆ, ಮತ್ತೆ ಮೆಹ್ರಿ. ಅಮ್ಮ ಮಗ್ಗದ ಮುಂದೆ ಕೂತರೆ ಮೆಹ್ರಿ ಪಕ್ಕದಲ್ಲಿ ಕೂತು ಉಣ್ಣೆಯ ಉಂಡೆ ಉರುಳಿಸುತ್ತಾ, ಅಮ್ಮ ಹೇಳುವ ಬಣ್ಣಗಳ ಹೆಸರನ್ನೇ ಹಾಡು ಮಾಡಿಕೊಂಡು ಹಾಡುವಳು. ಅವಳ ಬಾಯಲ್ಲಿ ಬೇಕೆಂದರೆ ಬೇಕು, ಬೇಡವೆಂದರೆ ಬೇಡ. ಎಲ್ಲ ಮಕ್ಕಳೂ ಹಾಗೇ. ನಾವು ದೊಡ್ಡವರೇ ಬಡಿದು ಬಡಿದು ಅದನ್ನು ಬಿಡಿಸುತ್ತೇವೆ.

ನಮ್ಮಲ್ಲಿ ಒಂದು ಸಲ 'ತಗೊಳ್ಳಿ' ಎಂದರೆ ಅದು ಗಾಳಿ ಮಾತು. ಎರಡನೆಯ ಸಲ ಎಂದರೆ ಮರ್ಯಾದೆ. ಮೂರನೆಯ ಸಲವೂ ಎಂದರೆ ಮಾತ್ರ ನಿಜ. 'ಬೇಡ' ಎನ್ನುವುದಕ್ಕೂ ಇದೇ ಕ್ರಮ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹೇಳಿಕೊಡುವ ಅಗತ್ಯವೂ ಬಿದ್ದಿರಲಿಲ್ಲ. ಜರ್ಮನಿಯಿಂದ ಜಲೀಲ್ ಹೆಂಡತಿಯನ್ನು ಕರೆದುಕೊಂಡು ಬರುವವರೆಗೆ.

ಜಲೀಲ್ ಬತೂಲಳ ಒಬ್ಬನೇ ತಮ್ಮ. ಓದಲೆಂದು ಹ್ಯಾಂಬರ್ಗಿಗೆ ಹೋದವನು ಅಲ್ಲೇ ಇಂಜಿನಿಯರ್ ಆಗಿ, ಇಲ್ಸೆ ಎಂಬವಳನ್ನು ಮದುವೆಯಾಗಿ, ಎಷ್ಟೋ ವರ್ಷದ ಮೇಲೆ ಗುಲಾಬಿ ಅರಳುವ ಕಾಲದಲ್ಲಿ ಊರಿಗೆ ಬಂದು ಅಕ್ಕನ ಮನೆಯಲ್ಲಿ ಇಳಿದ. ಆಗ ದೊರೆಯ ಆಳ್ವಿಕೆ ಇನ್ನೂ ಇತ್ತು, ವಿದೇಶದಿಂದ ಬಂದವನೆಂದರೆ ಓಣಿಯ ನಾಯಿಯೂ ಎದ್ದು ನಿಲ್ಲುತ್ತಿತ್ತು. ಇಲ್ಸೆ ಎತ್ತರದ ಹೆಂಗಸು, ಬಿಳಿ ಕತ್ತು, ದೊಡ್ಡ ಕೈ, ನೇರ ನೋಟ. ಮಕ್ಕಳಿರಲಿಲ್ಲ. ಆಗುವುದೂ ಇಲ್ಲವೆಂದು ವೈದ್ಯರು ಹೇಳಿಯಾಗಿತ್ತು. ಅದನ್ನು ಅವಳು ಮೊದಲ ದಿನವೇ, ಚಹಾ ಆರುವುದಕ್ಕೆ ಮೊದಲೇ, ಗಂಡನ ಬಾಯಿಂದ ಎಲ್ಲರಿಗೂ ಹೇಳಿಸಿದಳು. ಹೆಂಗಸರು ತಲೆ ತಗ್ಗಿಸಿಕೊಂಡು ಸಕ್ಕರೆ ಹರಳು ಕಡಿದರು.

ಊಟಕ್ಕೆ ಕೂತಾಗ ದೊಡ್ಡ ರಗಳೆಯೇ ಆಯಿತು. ಮನೆತನಕ್ಕೆ ಹಿರಿಯಳು ಕಿಶ್ವರತ್ತೆ, ಬತೂಲ್ ಮತ್ತು ಜಲೀಲರ ಸೋದರತ್ತೆ. ಅವಳು ಇಲ್ಸೆಯ ತಟ್ಟೆಗೆ ಎರಡನೆಯ ಸಲ ಅನ್ನ ಸುರಿಯಲು ಹೋದಾಗ ಆ ಪುಣ್ಯಾತ್ಗಿತ್ತಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. ಸೌಟು ಗಾಳಿಯಲ್ಲೇ ನಿಂತಿತು.

"ಏನಂತೆ ಇವಳಿಗೆ? ನನ್ ಕೈ ಅಡುಗೆ ಮುಟ್ಟಲ್ವಂತಾ?" ಎಂದಳು ಕಿಶ್ವರತ್ತೆ.

"ಹೊಟ್ಟೆ ತುಂಬಿದೆಯಂತೆ ಅತ್ತೆ" ಎಂದ ಜಲೀಲ್.

"ಹೊಟ್ಟೆ ತುಂಬಿದ್ರೆ ಎಲ್ರೂ ಬೇಡ ಅಂತಾರೆ. ತುಂಬದೇ ಇದ್ರೂ ಬೇಡ ಅಂತಾರೆ. ಕೈ ಅಡ್ಡ ಹಿಡಿಯೋದು ಎಲ್ಲಿಯ ಸಂಪ್ರದಾಯ?"

ಮಾರನೆಯ ದಿನ ಇಲ್ಸೆ ಗೋಡೆಗೊರಗಿಸಿದ್ದ ತಾಮ್ರದ ತಟ್ಟೆಯನ್ನು ಕೈಗೆತ್ತಿಕೊಂಡು, ಬೆರಳಲ್ಲಿ ಹೂಬಳ್ಳಿ ಸವರಿ, ಎಷ್ಟು ಚೆನ್ನಾಗಿದೆ ಎಂದಳು. ಬತೂಲ್ ತಡವರಿಸದೆ, "ನಿಮ್ಮ ಮುಂದೆ ಇದ್ಯಾವ ಲೆಕ್ಕ, ನಿಮ್ಮದೇ ಅಂದ್ಕೊಳ್ಳಿ, ತಗೊಳ್ಳಿ" ಎಂದಳು. ಇಲ್ಸೆ ಅವಳನ್ನು ತಬ್ಬಿ ಮುತ್ತಿಟ್ಟು, ತಟ್ಟೆಯನ್ನು ತನ್ನ ಉಣ್ಣೆಯ ಅಂಗಿಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಟ್ಟಳು. ಒಂದೇ ಸಲ ಹೇಳಿದ್ದಕ್ಕೆ!

ಬತೂಲ್ ಮುಸುಕಿನ ತುದಿ ಕಚ್ಚಿಕೊಂಡು ನಿಂತಳು. ಜಲೀಲ್ ಆಮೇಲೆ ಅಂಗಳದಲ್ಲಿ ಸಿಗರೇಟು ಹಚ್ಚಿ ನಕ್ಕ. "ಅಕ್ಕಾ, ಅವರ ಕಡೆ ಮಾತು ಅಂದ್ರೆ ಮಾತು. ತಗೊಳ್ಳಿ ಅಂದ್ರೆ ತಗೋತಾರೆ, ಬೇಡ ಅಂದ್ರೆ ಬಿಡ್ತಾರೆ. ಎಷ್ಟು ಸುಲಭ ನೋಡು."

"ಪರ್ವಾಗಿಲ್ಲ ಬಿಡೋ ತಮ್ಮಾ. ಅವರ ಮನೇಲಿದ್ರೂ ನಮ್ಮನೇಲಿದ್ದ ಹಾಗೇ."

"ವಾಪಸ್ ಕೇಳ್ಲಾ?"

"ಅಯ್ಯೋ, ಎಂಥ ಮಾತು! ನನ್ ಮಾನ ಕಳೀತೀಯಾ?"

ಜಲೀಲ್ ಸಿಗರೇಟು ಮುಗಿಯುವವರೆಗೂ ಅಕ್ಕನನ್ನೇ ನೋಡಿದ. ಆ ಅಯೋಗ್ಯ ಅಂಗಳದಲ್ಲಿ ನಿಂತು ಏನು ಲೆಕ್ಕ ಹಾಕಿದನೆಂದು ಬತೂಲಳಿಗೆ ಗೊತ್ತಾಗಲಿಲ್ಲ. ಗೊತ್ತಾಗುವಾಗ ಹೊತ್ತು ಮೀರಿತ್ತು.

ಇಲ್ಸೆಗೆ ಮೆಹ್ರಿಯ ಹುಚ್ಚು ಹಿಡಿಯಿತು. ತಲೆ ಬಾಚುವಳು, ಬೆರಳು ಹಿಡಿದು ಎಣಿಸಲು ಕಲಿಸುವಳು, ಮಡಿಲಲ್ಲಿ ಮಲಗಿಸಿಕೊಂಡು ತನ್ನ ಭಾಷೆಯಲ್ಲಿ ಹಾಡುವಳು. ಮೆಹ್ರಿಗೂ ಅವಳು ಇಷ್ಟವಾದಳು. ಕೇಳಿದ್ದಕ್ಕೆ ತಟ್ಟನೆ ಹೌದು ಅಥವಾ ಇಲ್ಲ ಎನ್ನುವ ದೊಡ್ಡವಳನ್ನು ಆ ಮಗು ಅದೇ ಮೊದಲು ಕಂಡಿದ್ದು.

ಒಂದು ಸಂಜೆ ನೆಂಟರೂ ಓಣಿಯವರೂ ಸೇರಿದ್ದರು. ಚಹಾದ ಸಮೋವಾರ್ ಕುದಿಯುತ್ತಿತ್ತು, ಅಕ್ದಸ್ ಬಾಗಿಲ ಹತ್ತಿರ ಕೂತಿದ್ದಳು, ಕಿಶ್ವರತ್ತೆ ದಿಂಬಿಗೊರಗಿದ್ದಳು. ಮೆಹ್ರಿ ಇಲ್ಸೆಯ ತೊಡೆಯ ಮೇಲಿದ್ದಳು. ಇಲ್ಸೆ ಏನೋ ಹೇಳಿದಳು. ಜಲೀಲ್ ಎಲ್ಲರಿಗೂ ಕೇಳುವಂತೆ, "ಇಂಥ ಒಂದು ಮಗು ಇದ್ದಿದ್ರೆ ನಂಗೆ ಬೇರೇನೂ ಬೇಡವಾಗಿತ್ತು ಅಂತಾಳೆ" ಎಂದ.

ಇದಕ್ಕೆ ಉತ್ತರ ಒಂದೇ. ನಮ್ಮ ಓಣಿಯ ಯಾವ ತಾಯಿಯಾದರೂ ನಿದ್ದೆಗಣ್ಣಲ್ಲಿ ಕೊಡುವ ಉತ್ತರ. ಬತೂಲ್ ನಗುತ್ತಾ, "ನಿಮ್ಮದೇ ಮಗು. ನಿಮ್ಮನೆ ದಾಸಿ ಇವಳು. ಕರ್ಕೊಂಡ್ ಹೋಗಿ" ಎಂದಳು. ಅದಕ್ಕೆ ಎದುರಿನವರು 'ದೇವರು ನಿಮಗೇ ಉಳಿಸಲಿ' ಎನ್ನಬೇಕು. ಅಲ್ಲಿಗೆ ಮಾತು ಮುಗಿಯಬೇಕು. ಎಲ್ಲರೂ ಚಹಾ ಹೀರುತ್ತಾ ಆ ಮಾತಿಗೆ ಕಾದರು.

ಜಲೀಲ್ ಅನುವಾದಿಸಿದ. ಇಲ್ಸೆಯ ಮುಖ ಬಿಳಿಚಿಕೊಂಡಿತು. ಗಂಡನ ತೋಳು ಹಿಡಿದು ಒಂದು ಮಾತು ಕೇಳಿದಳು.

"ನಿಜವಾಗ್ಲೂನಾ ಅಂತಾಳೆ ಅಕ್ಕಾ."

ಬತೂಲಳಿಗೆ ತಾಮ್ರದ ತಟ್ಟೆ ನೆನಪಾಗಲಿಲ್ಲವೇ? ಆಯಿತು. ಆದರೆ ತುಂಬಿದ ಮನೆ, ಎದುರಿಗೆ ಅತಿಥಿ, ಅದೂ ಬಂಜೆ ಎಂದು ತಾನಾಗಿಯೇ ಎಲ್ಲರಿಗೂ ತಿಳಿಸಿದ ಹೆಂಗಸು. ಅವಳ ಮುಖದ ಮೇಲೆ 'ಇಲ್ಲ, ಸುಮ್ಮನೆ ಅಂದೆ' ಎನ್ನುವುದೆಂದರೆ ಹೊಡೆದ ಹಾಗೆ. "ನಿಜ್ವಾಗ್ಲೂ, ಇದರಲ್ಲೇನಿದೆ" ಎಂದುಬಿಟ್ಟಳು.

ಇಲ್ಸೆ ಮತ್ತೇನೂ ಕೇಳಲಿಲ್ಲ. ಇದನ್ನು ಬಾಗಿಲ ಬಳಿ ಕೂತಿದ್ದ ಅಕ್ದಸ್ ಆಮೇಲೆ ಎಷ್ಟೋ ಸಲ ಆಣೆ ಇಟ್ಟು ಹೇಳಿದ್ದಾಳೆ. ಮೂರನೆಯ ಸಲ ಕೇಳಿದವನು ಜಲೀಲ್, ತಾನಾಗಿಯೇ. "ಪೂರ್ತಿ ಮನಸ್ಸಿಂದಾನಾ ಅಕ್ಕಾ?"

"ಪೂರ್ತಿ ಮನಸ್ಸಿಂದ" ಎಂದಳು ಬತೂಲ್. ಇಲ್ಸೆ ಮೆಹ್ರಿಯ ಕೂದಲಲ್ಲಿ ಮುಖ ಹುದುಗಿಸಿ ಅತ್ತಳು.

ಬೆಳಗಾದ ಮೇಲೆ ಬತೂಲ್ ನೆಟ್ಟಗೆ ಕಿಶ್ವರತ್ತೆಯ ಮನೆಗೆ ಓಡಿದಳು. ಕೊಟ್ಟದ್ದನ್ನು ತಾನೇ ಹಿಂದಕ್ಕೆ ಕೇಳುವಂತಿಲ್ಲ. ಹಿರಿಯರು ಮಧ್ಯೆ ಬಂದರೆ ಇಬ್ಬರ ಮಾನವೂ ಉಳಿಯುತ್ತದೆ. ಕಿಶ್ವರತ್ತೆ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ಮೂರು ಸಲ ಅಂದೆ. ನಾನೇ ಕೇಳ್ಸ್ಕೊಂಡೆ."

"ಉಪಚಾರಕ್ಕೆ ಅಂದೆ ಅತ್ತೆ. ನೀವಾದ್ರೂ ಅವನಿಗೆ ಹೇಳಿ."

"ಉಪಚಾರಕ್ಕೆ ಒಂದ್ ಸಲ ಅಂತಾರೆ. ಎರಡ್ ಸಲ ಅಂತಾರೆ. ಮೂರು ಸಲ ಅಂದ್ಮೇಲೆ ಮುಗೀತು. ಈಗ ನನ್ ಸೋದರಳಿಯ ಆ ಪರದೇಶಿ ಹೆಂಡ್ತಿ ಮುಂದೆ 'ನಮ್ಮಕ್ಕ ಸುಳ್ಳಿ' ಅನ್ಬೇಕಾ? ಮನೆತನದ ಮುಖಕ್ಕೆ ಮಸಿ ಬಳಿಬೇಕಾ?"

"ನಂಗಿರೋದು ಅದೊಂದೇ ಅತ್ತೆ."

"ಅಪ್ಪ ಇಲ್ಲದ ಹೆಣ್ಣು. ಇಲ್ಲಿದ್ರೆ ಏನಾಗುತ್ತೆ? ನಿನ್ ಪಕ್ಕದಲ್ಲೇ ಮಗ್ಗದ ಮುಂದೆ ಕೂತು ಗೂನು ಬೆನ್ನಾಗುತ್ತೆ. ಅಲ್ಲಿ ಬೆಣ್ಣೆ ರೊಟ್ಟಿ ತಿಂದ್ಕೊಂಡಿರುತ್ತೆ. ನಿನಗೂ ಹಗುರ, ಯಾರಾದ್ರೂ ಕಟ್ಕೊಂಡಾರು." ಸೊಪ್ಪಿನ ಕಡ್ಡಿಗಳನ್ನು ಮುದುಕಿ ಪಕ್ಕಕ್ಕೆ ಎಸೆದಳು. "ನಾಲಿಗೆ ಉದ್ದ ಬಿಟ್ಟೋಳು ನೀನು. ಈಗ ಅದನ್ನ ಒಳಗಿಟ್ಕೋ."

ಆಮೇಲೆ ಬತೂಲ್ ತನಗೆ ತಿಳಿದ ದಾರಿಯಲ್ಲೇ ಹೋದಳು, ಸುತ್ತು ಬಳಸಿ. ತಮ್ಮನಿಗೆ ಚಹಾ ಕೊಡುತ್ತಾ, "ಮೆಹ್ರಿಗೆ ಚಳಿ ತಡಿಯಲ್ಲ ಕಣೋ, ಕೆಮ್ಮು ಬರುತ್ತೆ" ಎಂದಳು. "ಅಲ್ಲಿ ಒಳ್ಳೆ ಡಾಕ್ಟರಿದ್ದಾರೆ ಅಕ್ಕಾ." ಇನ್ನೊಂದು ದಿನ, "ರಾತ್ರಿ ನನ್ ಪಕ್ಕ ಇಲ್ದಿದ್ರೆ ಮಲಗಲ್ಲ" ಎಂದಳು. "ಇಲ್ಸೆ ಪಕ್ಕ ಮಲಗಿಸ್ಕೋತಾಳೆ ಬಿಡು." ಕೊನೆಗೆ, "ಅವಳು ಹೋದ್ರೆ ಈ ಮನೇಲಿ ದೀಪ ಇರಲ್ಲ" ಎಂದಳು. ಇದಕ್ಕಿಂತ ಬಿಚ್ಚಿ ಹೇಳುವುದು ಅವಳಿಂದ ಸಾಧ್ಯವಿರಲಿಲ್ಲ, ನಮ್ಮೂರಲ್ಲಿ ಇದಕ್ಕಿಂತ ಬಿಚ್ಚಿ ಹೇಳಬೇಕಾದದ್ದೂ ಇಲ್ಲ. ಜಲೀಲನಿಗೆ ಒಂದೊಂದು ಮಾತೂ ಅರ್ಥವಾಗಿತ್ತು. ಅವನೂ ಇದೇ ಓಣಿಯಲ್ಲಿ ಬೆಳೆದವನಲ್ಲವೇ? ಆದರೆ ಬೇಕಾದಾಗ ಕಾಶಾನಿನವನು, ಬೇಡವಾದಾಗ ಜರ್ಮನಿಯವನು. "ನಿನ್ನ ಪ್ರೀತಿ ದೊಡ್ಡದಕ್ಕಾ" ಎಂದು ಅವಳ ಹಣೆಗೆ ಮುತ್ತಿಟ್ಟು, ಮಾರನೆಯ ದಿನ ಕಚೇರಿಗೆ ಕರೆದುಕೊಂಡು ಹೋಗಿ ಮಗುವನ್ನು ಕೊಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದ.

ಹೊರಡುವ ಹಿಂದಿನ ದಿನ ಇಲ್ಸೆ ತಾನಾಗಿ ಬತೂಲಳ ಹತ್ತಿರ ಬಂದು ಕೂತಳು. ಅವಳ ಎರಡೂ ಕೈ ಹಿಡಿದುಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಬಹಳ ಹೊತ್ತು ಮಾತಾಡಿದಳು. ಆ ಒಂದು ಸಲ ಮಾತ್ರ ಜಲೀಲ್ ಏನನ್ನೂ ಸೇರಿಸದೆ, ಏನನ್ನೂ ಬಿಡದೆ ಅನುವಾದಿಸಿದ.

"ನಿಂಗೆ ಇಷ್ಟ ಇಲ್ದಿದ್ರೆ ಇಲ್ಲ ಅನ್ನು ಅಂತಾಳೆ. ನಂಗೆ ಕೋಪ ಬರಲ್ಲ, ಬೇಜಾರೂ ಮಾಡ್ಕೊಳಲ್ಲ. ಒಂದೇ ಒಂದ್ ಸಲ ಇಲ್ಲ ಅಂದ್ರೆ ಸಾಕು, ಮಗೂನ ಬಿಟ್ಟು ಹೋಗ್ತೀನಿ ಅಂತಾಳೆ."

ಅಕ್ಕನ ಬಾಯಿಂದ ಆ ಮಾತು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಅಷ್ಟು ಪ್ರಾಮಾಣಿಕನಾದ.

ಬತೂಲ್ ಬಾಯಿ ತೆರೆದಳು. ಆ ಪರದೇಶಿ ಹೆಂಗಸು ಕಣ್ಣು ತುಂಬಿಕೊಂಡು, ಉಸಿರು ಬಿಗಿಹಿಡಿದು, ಕೈ ಹಿಡಿದು ಕಾಯುತ್ತಿದ್ದಳು. ಅತಿಥಿ. ತಮ್ಮನ ಹೆಂಡತಿ. ಹುಟ್ಟಿದಾಗಿನಿಂದ ಯಾರ ಮುಖದ ಮೇಲೂ ಹೇಳದ ಮಾತನ್ನು ಹೇಗೆ ಹೇಳುವುದು?

"ಛೇ ಛೇ, ಏನ್ಮಾತು" ಎಂದಳು ಬತೂಲ್. "ನಿಮಗಿಂತ ಹೆಚ್ಚಾ?"

ಮೆಹ್ರಿಗೆ ತೆಹರಾನಿನಲ್ಲಿ ದೊಡ್ಡ ಗೊಂಬೆ ಕೊಡಿಸುತ್ತೇವೆ ಎಂದು ಹೇಳಿದ್ದರು. ಪ್ರಯಾಣ ಸುಖವಾಗಲೆಂದು ಎತ್ತಿ ಹಿಡಿದ ಕುರಾನಿನ ಕೆಳಗೆ ಹಾದು ಕಾರು ಹತ್ತಿದ ಮಗು ಗಾಜಿಗೆ ಮೂಗು ಒತ್ತಿ ನಕ್ಕಿತು. ಬತೂಲ್ ಪದ್ಧತಿಯಂತೆ, ಹೋದವರು ತಿರುಗಿ ಬರಲೆಂದು, ಅವರ ಹಿಂದೆ ಬಟ್ಟಲು ನೀರು ಚೆಲ್ಲಿ, "ನಿಮಗೆ ತೊಂದ್ರೆ ಕೊಟ್ವಿ" ಎಂದಳು. ನಿಂತವರೆಲ್ಲ ಕೇಳಿಸಿಕೊಂಡರು.

ಓಣಿ ಅವಳನ್ನು ಹೊಗಳಿತು! ಥೂ, ನಮ್ಮ ಜನಕ್ಕೆ ಅದೊಂದು ಬರುತ್ತದೆ. "ಎಂಥ ದೊಡ್ಡ ಮನಸ್ಸು, ಕರುಳನ್ನೇ ಕಿತ್ತು ಕೊಟ್ಟಳು" ಎನ್ನುವರು ಎದುರಿಗೆ. ಅವಳು ತಿರುವು ದಾಟಿದ ಮೇಲೆ, "ಇವಳ ಮನೇಲಿ ಏನನ್ನೂ ಹೊಗಳಬೇಡ್ರೇ, ಕಟ್ಟಿ ಕೊಟ್ಟುಬಿಟ್ಟಾಳು" ಎಂದು ನಗುವರು. ಮೊದಮೊದಲು ಹ್ಯಾಂಬರ್ಗಿನಿಂದ ಫೋಟೋ ಬರುತ್ತಿತ್ತು: ಹಿಮದಲ್ಲಿ ಮೆಹ್ರಿ, ಶಾಲೆಯ ಚೀಲ ಹೊತ್ತ ಮೆಹ್ರಿ. ದೊರೆ ಹೋದ, ಯುದ್ಧ ಬಂತು, ಫೋಟೋ ನಿಂತಿತು.

ಬತೂಲ್ ಮಗ್ಗದ ಮುಂದೆ ಒಬ್ಬಳೇ ಕೂತು ಇಲ್ಲ ಎನ್ನುವುದನ್ನು ಅಭ್ಯಾಸ ಮಾಡಿದಳು. ಒಂದು ಗಂಟು ಹಾಕುವಳು, "ಕೊಡಲ್ಲ" ಎನ್ನುವಳು. ಇನ್ನೊಂದು ಗಂಟು, "ಇಲ್ಲ, ನನ್ ಮಗು". ಗೋಡೆಗೆ ಹೇಳುವುದು ಸುಲಭವಾಗಿತ್ತು. ಒಮ್ಮೆ ರೊಟ್ಟಿಯಂಗಡಿಯ ಸಾಲಿನಲ್ಲಿ ಅಕ್ದಸ್, "ಸ್ವಲ್ಪ ಮುಂದೆ ಬಿಡ್ತೀರಾ, ಮನೇಲಿ ನೆಂಟರು ಬಂದಿದ್ದಾರೆ" ಎಂದಳು. ಬತೂಲಳ ಬಾಯಿಂದ, "ಇಲ್ಲ" ಎಂದು ಹಾರಿಬಂತು. ಸಾಲಿಗೆ ಸಾಲೇ ತಿರುಗಿ ನೋಡಿತು. ಅಕ್ದಸಳ ಮುಖ ಕೆಂಪಾಯಿತು. ಬತೂಲ್ ರೊಟ್ಟಿ ತೆಗೆದುಕೊಳ್ಳದೆ ಮನೆಗೋಡಿ ಕದ ಹಾಕಿಕೊಂಡು ಅತ್ತಳು. ಮಾರನೆಯ ದಿನ ಒಂದು ಪಾತ್ರೆ ಸೊಪ್ಪಿನ ಗಂಜಿ ಕಾಯಿಸಿ ಅಕ್ದಸಳ ಮನೆಗೆ ಕ್ಷಮೆ ಕೇಳಲು ಹೋದಳು. ಅಲ್ಲಿಗೆ ಅವಳ ಅಭ್ಯಾಸವೂ ಮುಗಿಯಿತು.

ಯುದ್ಧ ಮುಗಿದು ಕೆಲವು ವರ್ಷಕ್ಕೆ ಮೆಹ್ರಿ ಬಂದಳು. ಜಲೀಲ್ ಅಷ್ಟರಲ್ಲಿ ಸತ್ತಿದ್ದ, ಇಲ್ಸೆಯೂ, ಕಿಶ್ವರತ್ತೆಯೂ. ಬಾಗಿಲು ತಟ್ಟಿದ ಎತ್ತರದ ಹೆಂಗಸಿಗೆ ತಲೆಯ ಮುಸುಕು ನಿಲ್ಲುತ್ತಿರಲಿಲ್ಲ. ಕಣ್ಣು ಮಾತ್ರ ತಾಮ್ರ ಬಡಿಯುವವನದೇ. ಅವಳಿಗೆ ನಮ್ಮ ಭಾಷೆ ಮರೆತಿರಲಿಲ್ಲ, ಆದರೆ ಬೆಳೆದಿರಲಿಲ್ಲ. ಐದು ವರ್ಷದ ಮಗು ಮಾತಾಡುವಂತೆ ಮಾತಾಡುವಳು: "ಅಮ್ಮ, ಹಸಿವು." "ಅಮ್ಮ, ಇದು ಬೇಡ." ಅಷ್ಟು ದೊಡ್ಡ ಹೆಂಗಸಿನ ಬಾಯಲ್ಲಿ ಅದನ್ನು ಕೇಳಿ ಓಣಿಯವರು ಮುಸುಕಿನೊಳಗೆ ನಕ್ಕರು. ಬತೂಲಳಿಗೆ ಅದೇ ಅಮೃತ. ಮಗಳು ಬೇಡವೆಂದರೆ ಎರಡನೆಯ ಸಲ ಬಡಿಸುತ್ತಿರಲಿಲ್ಲ. ಕಲಿತುಕೊಂಡೆ ಎಂದುಕೊಂಡಳು, ಪಾಪ.

ಹೊರಡುವ ಹಿಂದಿನ ಮಧ್ಯಾಹ್ನ ಮೆಹ್ರಿ ಮಗ್ಗದ ಪಕ್ಕ, ತನ್ನ ಹಳೆಯ ಜಾಗದಲ್ಲೇ ಬಂದು ಕೂತಳು.

"ಅಮ್ಮ, ಒಂದು ಕೇಳ್ತೀನಿ. ನನ್ನ ಕೊಟ್ಟುಬಿಟ್ಯಾ?"

ಬತೂಲಳ ಕೈ ದಾರದ ಮೇಲೆ ನಿಂತಿತು. "ಉಪಚಾರಕ್ಕೆ ಅಂದೆ ಕಂದಾ."

"ಉಪಚಾರಕ್ಕೆ ಮಗು ಕೊಡ್ತಾರಾ?"

"ಕೊಡಲ್ಲ. ಅಂತಾರೆ ಅಷ್ಟೆ. ಎದುರಿಗಿದ್ದೋರು ತಗೋಬಾರದು."

"ಇಲ್ಸೆ ಅಮ್ಮ ನಿನ್ನ ಕೇಳಿದ್ಳಂತೆ. ಇಲ್ಲ ಅನ್ನು, ಬಿಟ್ಟು ಹೋಗ್ತೀನಿ ಅಂತ. ನೀನು ಇಲ್ಲ ಅನ್ಲಿಲ್ಲ."

"ಅನ್ನೋಕೆ ಬರ್ಲಿಲ್ಲ."

ಮೆಹ್ರಿ ಕೈಯಲ್ಲಿ ಉಣ್ಣೆಯ ಉಂಡೆ ತಿರುಗಿಸುತ್ತಿದ್ದಳು. ಆಮೇಲೆ, ಅವಳನ್ನು ಸಾಕಿದ ಹೆಂಗಸಿನ ಹಾಗೇ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು. "ಅಲ್ಲಿ ನಂಗೆ ಯಾರೂ ಕಾಯ್ತಿಲ್ಲ. ಕೆಲ್ಸ ಬಿಟ್ಟು ಇಲ್ಲೇ ಇರ್ಬಲ್ಲೆ, ನಿನ್ ಜೊತೆ. ನಿಂಗೆ ನಾನು ಬೇಕಾ? ಬೇಕು ಅಂದ್ರೆ ಇರ್ತೀನಿ. ಬೇಡ ಅಂದ್ರೆ ಹೋಗ್ತೀನಿ. ನಿಜ ಹೇಳು."

ಇಪ್ಪತ್ತು ವರ್ಷದಿಂದ ಬತೂಲ್ ಕಾದದ್ದು ಇದಕ್ಕೇ. ಬೇಕು, ಬೇಕು, ಬೇಕು. ಆದರೆ ಬಾಯಿಗೆ ಅದರದೇ ದಾರಿ. ಯಾರಾದರೂ ಇಷ್ಟು ದೊಡ್ಡದನ್ನು ಮುಂದೆ ಹಿಡಿದಾಗ ಮೊದಲ ಸಲಕ್ಕೇ ಕೈ ಚಾಚಿದರೆ ಏನು ಚೆನ್ನ? ಮಗಳಾದರೇನು, ಅವಳ ಬದುಕನ್ನು ಹಾಗೆ ಬಾಚಿಕೊಳ್ಳುವುದೇ? ಒಂದು ಸಲ ಬೇಡ ಎನ್ನುವುದು, ಅವಳು ಮತ್ತೆ ಕೇಳುವುದು, ಆಗ ಹೇಳುವುದು.

"ನನಗೋಸ್ಕರ ನೀನ್ಯಾಕಮ್ಮಾ ತೊಂದ್ರೆ ತಗೋತೀಯಾ" ಎಂದಳು ಬತೂಲ್. "ಅಲ್ಲಿ ನಿನ್ ಬದುಕಿದೆ. ನನ್ನ ಚಿಂತೆ ಬೇಡ. ಹೋಗು ತಾಯಿ."

ಎಂದು, ಎರಡನೆಯ ಸಲಕ್ಕೆ ಕಾದಳು. 'ಇರು' ಎನ್ನುವ ಮಾತನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡು ಕಾದಳು.

ಮೆಹ್ರಿ ತಲೆಯಾಡಿಸಿದಳು. "ಸರಿ" ಎಂದಳು. ಉಣ್ಣೆಯ ಉಂಡೆಯನ್ನು ಕೆಳಗಿಟ್ಟು ಎದ್ದು ಹೋಗಿ ಪೆಟ್ಟಿಗೆಗೆ ಬಟ್ಟೆ ಮಡಿಸಿಟ್ಟಳು. ಅವಳ ಊರಿನಲ್ಲಿ ಅದೇ ಮರ್ಯಾದೆ, ಬೇಡ ಎಂದವರನ್ನು ಕಾಡಬಾರದು.

ಆ ಸಂಜೆಯೆಲ್ಲ ಬತೂಲ್ ಅವಳ ಸುತ್ತಲೇ ಸುಳಿದಳು. ಬಾದಾಮಿ ತಂದಿಟ್ಟಳು, ಮಸಾಲೆ ಡಬ್ಬಿ ಕಟ್ಟಿದಳು, "ಅಲ್ಲಿ ಒಬ್ಬಳೇ ಹೇಗಿರ್ತೀಯೋ ಏನೋ" ಎಂದಳು. "ಇರ್ತೀನಿ ಅಮ್ಮ" ಎಂದಳು ಮೆಹ್ರಿ. ಬೆಳಿಗ್ಗೆ ಚಹಾ ಅರ್ಧ ಕುಡಿದಿದ್ದಾಗಲೇ ಟ್ಯಾಕ್ಸಿ ಬಂತು. ಬಾಗಿಲಲ್ಲಿ ಬತೂಲ್ ರೂಢಿಯಂತೆ "ನೀನು ಮೊದಲು" ಎಂದಳು. ಮೆಹ್ರಿ ಮೊದಲು ಹೊರಗೆ ಹೋದಳು. ಟ್ಯಾಕ್ಸಿಯ ಬಾಗಿಲಿಗೆ ಕೈಯಿಟ್ಟು ಒಮ್ಮೆ ತಿರುಗಿದಳು. ಈಗ ಕೇಳುತ್ತಾಳೆ, ಈಗ, ಎಂದುಕೊಂಡಳು ಬತೂಲ್. "ಚಳಿ ಇದೆ, ಒಳಗ್ ಹೋಗು ಅಮ್ಮ" ಎಂದು ಮೆಹ್ರಿ ಕೂತುಕೊಂಡಳು.

ಬತೂಲ್ ನೀರು ಚೆಲ್ಲಿದಳು. ಟ್ಯಾಕ್ಸಿ ರೊಟ್ಟಿಯಂಗಡಿಯ ತಿರುವು ದಾಟಿತು. ಆಗ ಬಂತು ಅವಳ ಮಾತು, ಓಣಿಗೆಲ್ಲ ಕೇಳುವಷ್ಟು ಜೋರಾಗಿ: "ಇರು! ಹೋಗ್ಬೇಡ, ಇರು!"

ಅಕ್ದಸ್ ಬಿಸಿ ರೊಟ್ಟಿ ಹಿಡಿದುಕೊಂಡು ಅದೇ ಹೊತ್ತಿಗೆ ಬರುತ್ತಿದ್ದಳು. ತನ್ನನ್ನೇ ಕರೆದದ್ದೆಂದು ನಿಂತು, ಎದೆಯ ಮೇಲೆ ಕೈಯಿಟ್ಟು, "ಅಯ್ಯೋ ಬೇಡ ಬತೂಲ್ ಖಾನುಮ್, ನಿಮಗ್ಯಾಕೆ ತೊಂದ್ರೆ, ಇನ್ನೊಂದ್ ದಿನ ಬರ್ತೀನಿ" ಎಂದಳು.

ಬತೂಲ್ ಅವಳನ್ನು ನೋಡಿದಳು. ಕೈಯಲ್ಲಿ ಖಾಲಿ ಬಟ್ಟಲು. ಹಾಳು ನಾಲಿಗೆ ತಾನಾಗಿ ಹೊರಳಿತು.

"ತೊಂದ್ರೆ ಎಂಥದು, ಬನ್ನಿ ಅಕ್ದಸ್ ಖಾನುಮ್."

"ಇಲ್ಲ ಇಲ್ಲ, ನಿಮಗೆ ಕೆಲಸ ಇರುತ್ತೆ."

"ನನ್ನಾಣೆ, ಬನ್ನಿ. ಚಹಾ ಬಿಸಿಯಾಗಿದೆ."

ಮೂರನೆಯ ಸಲಕ್ಕೆ ಅಕ್ದಸ್ ಒಪ್ಪಿದಳು. ಒಳಗೆ ಬಂದು, ಮೆಹ್ರಿ ಅರ್ಧ ಕುಡಿದು ಬಿಟ್ಟಿದ್ದ ಲೋಟವನ್ನು ಪಕ್ಕಕ್ಕೆ ಸರಿಸಿ, ಅವಳು ಕೂತಿದ್ದ ಜಾಗದಲ್ಲೇ ಕೂತಳು.